ಕಡಲತೀರದ ಫಲಕಕ್ಕೆ ಇನ್ನೊಂದು ಸಾಲು



ತರಗತಿಯಲ್ಲಿ ನಾನು ಹೇಳಿದ ಒಂದು ಮಾತನ್ನು ಇಂದು ತಿದ್ದಬೇಕಾಗಿದೆ. "ನೀರಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಕಾಣದಿದ್ದರೆ ಅದಕ್ಕೆ ಮಲ ಬೆರೆತಿಲ್ಲವೆಂದು ತಿಳಿಯಿರಿ" ಎಂದು ವರ್ಷಗಟ್ಟಲೆ ಪಾಠ ಮಾಡಿದೆ. ಹಾಗೆ ಬರೆದವರಿಗೆ ಪೂರ್ಣ ಅಂಕವನ್ನೂ ಕೊಟ್ಟೆ. ಕಡಲ ನೀರಿನ ಮಟ್ಟಿಗೆ ಅದು ಅರ್ಧಸತ್ಯ.

ಮಲದಲ್ಲಿ ಬ್ಯಾಕ್ಟೀರಿಯಾಗಳಷ್ಟೇ ಅಲ್ಲ, ವೈರಸ್ಸುಗಳೂ ಇರುತ್ತವೆ. ವಾಂತಿಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ಇಂಥವು. ಉಪ್ಪುನೀರು, ಬಿಸಿಲುಗಳಿಗೆ ಸಿಕ್ಕಿ ಇ. ಕೋಲೈ ಬೇಗ ಸಾಯುತ್ತದೆ. ಅನೇಕ ವೈರಸ್ಸುಗಳು ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತವೆ. ಸಾಕ್ಷಿ ಸತ್ತ ಮಾತ್ರಕ್ಕೆ ಅಪರಾಧಿ ನಿರ್ದೋಷಿಯಾಗುವನೇ?

ರೋಗ ತರುವ ವೈರಸ್ಸುಗಳನ್ನೇ ಅಪಾರ ನೀರಿನಲ್ಲಿ ಹುಡುಕುವುದು ಕಷ್ಟ, ವೆಚ್ಚವೂ ಅಧಿಕ. ಅದಕ್ಕಾಗಿ ಕೋಲಿಫೇಜ್ ಎಂಬ ಬೇರೊಂದು ಸಾಕ್ಷಿಯನ್ನು ವಿಜ್ಞಾನಿಗಳು ಆಯ್ದುಕೊಂಡಿದ್ದಾರೆ. ಇದು ಇ. ಕೋಲೈಯ ಒಳಹೊಕ್ಕು ಅದನ್ನು ಒಡೆಯುವ ವೈರಸ್. ಮನುಷ್ಯರಿಗೆ ರೋಗ ತರುವುದಿಲ್ಲ. ಪರೀಕ್ಷೆ ಸರಳ. ಅಗರ್ ತಟ್ಟೆಯಲ್ಲಿ ಇ. ಕೋಲೈಯೊಡನೆ ಕಡಲ ನೀರನ್ನು ಬೆರೆಸಿ ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ಮರುದಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಹುಲ್ಲುಹಾಸಿನಂತೆ ಬೆಳೆದಿರುತ್ತದೆ. ಫೇಜ್ ಇದ್ದಲ್ಲಿ ಮಾತ್ರ ದುಂಡನೆಯ ಬರಿದಾದ ಚುಕ್ಕೆಗಳು. ಅವನ್ನು ಎಣಿಸಿದರಾಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2018ರಲ್ಲಿ ಕೋಲಿಫೇಜ್ ಎಣಿಕೆಯ ವಿಧಾನಗಳನ್ನು ಪ್ರಕಟಿಸಿತು.

ಇದಕ್ಕೂ ಮಿತಿಯುಂಟು. ದನ, ಹಕ್ಕಿಗಳ ಮಲದಲ್ಲಿಯೂ ಕೋಲಿಫೇಜ್ ಇರುತ್ತದೆ. ಕೊಳೆ ಮನುಷ್ಯರದೇ ಎಂದು ತಿಳಿಯಲು ನೆರವಾಗುವ ಇನ್ನೊಂದು ವೈರಸ್ ನಮ್ಮ ಅಡುಗೆಮನೆಯದು! ಮೆಣಸಿನಕಾಯಿ ಗಿಡಕ್ಕೆ ತಗಲುವ ಒಂದು ವೈರಸ್, ಆಹಾರದೊಡನೆ ಕರುಳನ್ನು ದಾಟಿ ಮನುಷ್ಯರ ಮಲದಲ್ಲಿ ಹೇರಳವಾಗಿ ಹೊರಬರುತ್ತದೆಂದು 2006ರಲ್ಲಿ ತಿಳಿದುಬಂತು.

ನಮ್ಮ ಪಡುಬಿದ್ರಿ ಮತ್ತು ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆತಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆ ಮನ್ನಣೆಯ ನಿಯಮದಂತೆ ಇ. ಕೋಲೈ, ಎಂಟರೊಕಾಕೈ ಎಂಬ ಬ್ಯಾಕ್ಟೀರಿಯಾಗಳ ಪರೀಕ್ಷೆ ನಡೆಸಿ, ನೀರಿನ ಗುಣಮಟ್ಟವನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು. ಒಳ್ಳೆಯದೇ. ಆ ಫಲಕದಲ್ಲಿ ಕೋಲಿಫೇಜ್ ಎಣಿಕೆಯ ಸಾಲೊಂದು ಸೇರಬೇಕೆಂಬುದು ನನ್ನ ಅಭಿಪ್ರಾಯ. ಬಾವುಟವಿಲ್ಲದ ತೀರಗಳಿಗೂ ಫಲಕ ಬೇಕು. ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡುವ ಯಾತ್ರಿಕರು ಬಾವುಟ ನೋಡಿ ಮುಳುಗುವುದಿಲ್ಲ. ಅಲೆ ಬಂದಾಗ ಬಾಯ್ದೆರೆದು ನಗುವ ಮಗುವಿಗಂತೂ ಯಾವ ಫಲಕವೂ ತಿಳಿಯದು. ಅದರ ಪರವಾಗಿ ನಾವು ಓದಬೇಕು.

"ಪರೀಕ್ಷೆಯಿಂದ ನೀರು ಶುದ್ಧವಾಗುತ್ತದೆಯೇ?" ಎಂದು ಕೇಳುವಿರಿ. ಇಲ್ಲ, ಥರ್ಮಾಮೀಟರಿನಿಂದ ಜ್ವರ ಬಿಡುವುದಿಲ್ಲ. ಆದರೆ ಜ್ವರವಿದೆಯೆಂದು ತಿಳಿಯದೆ ಯಾರೂ ವೈದ್ಯರ ಬಳಿಗೆ ಹೋಗುವುದಿಲ್ಲ. ಚರಂಡಿಯನ್ನು ಕಡಲಿಗೆ ಬಿಡುವುದನ್ನು ನಿಲ್ಲಿಸಬೇಕಾದವರ ಮುಂದೆ ಇಡಲು ಅಂಕಿಸಂಖ್ಯೆ ಬೇಕು. ನಿಮ್ಮಲ್ಲಿ ಪ್ರಯೋಗಾಲಯಗಳಲ್ಲಿ, ಪುರಸಭೆಗಳಲ್ಲಿ ದುಡಿಯುವವರಿದ್ದೀರಿ. ಈ ಮಾತನ್ನು ಅಲ್ಲಿ ಎತ್ತಿರಿ. ಅಲ್ಲಿಯವರೆಗೆ, ಜೋರು ಮಳೆಯಾದ ಮರುದಿನ ಚರಂಡಿ, ಹೊಳೆಗಳು ಕಡಲು ಸೇರುವಲ್ಲಿ ಮಕ್ಕಳನ್ನು ನೀರಿಗಿಳಿಸಬೇಡಿ.

ಹಳೆಯ ಉತ್ತರಪತ್ರಿಕೆಗಳ ಅಂಕಗಳನ್ನು ಹಿಂಪಡೆಯುವುದಿಲ್ಲ, ತಪ್ಪು ಮೇಷ್ಟರದು!