ಹೋಬಳಿಯಲ್ಲಿ ಆಪ್ತ ಸಮಾಲೋಚಕರು ಬದುಕಬಲ್ಲರೇ?

ಬೆಂಗಳೂರಿನ ಬಡಾವಣೆಗಳಲ್ಲಿ ದಂತವೈದ್ಯರ ಫಲಕದ ಪಕ್ಕದಲ್ಲೇ ಆಪ್ತ ಸಮಾಲೋಚಕರ ಫಲಕ ಕಾಣುವುದು ಈಗ ಅಪರೂಪವಲ್ಲ. ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಯುವತಿಯೊಬ್ಬರು ಕೊಪ್ಪಳ ತಾಲ್ಲೂಕಿನ ಅಳವಂಡಿಯಂತಹ ಹೋಬಳಿ ಕೇಂದ್ರದಲ್ಲಿ ಅದೇ ಫಲಕ ಹಾಕಿದರೆ ಎಷ್ಟು ತಿಂಗಳು ಕೋಣೆಯ ಬಾಡಿಗೆ ಕಟ್ಟಬಲ್ಲರು? ಪ್ರಶ್ನೆ ಮೇಲ್ನೋಟಕ್ಕೆ ಆರೋಗ್ಯದ್ದು, ಮೂಲತಃ ಅರ್ಥಶಾಸ್ತ್ರದ್ದು.

ಅಗತ್ಯಕ್ಕೇನೂ ಕೊರತೆಯಿಲ್ಲ. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿಂದ ಬಳಲುತ್ತಿದ್ದರು. ಬಹುಪಾಲು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನಲಾಗದು. ಕೊಪ್ಪಳದ ನೆರೆಯ ಬಳ್ಳಾರಿಯಲ್ಲಿ ನಿಮ್ಹಾನ್ಸ್ 1980ರ ದಶಕದಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಉಚಿತ ದೂರವಾಣಿ ಸೇವೆ (14416) ಬಂದಿತು. ಆದರೆ ಪರೀಕ್ಷೆಯ ಭಯ, ಸಾಲದ ಚಿಂತೆ, ಮನೆಯವರ ಕುಡಿತ, ದಾಂಪತ್ಯದ ಬಿರುಕು ಒಂದು ಮಾತ್ರೆಯಿಂದಲೋ ಒಂದು ಕರೆಯಿಂದಲೋ ಬಗೆಹರಿಯುವಂಥವಲ್ಲ. ಒಬ್ಬರು ಎದುರು ಕುಳಿತು ವಾರ ವಾರವೂ ಆಲಿಸಬೇಕಾಗುತ್ತದೆ.

ಇಲ್ಲಿ ಲೆಕ್ಕ ಎದುರಾಗುತ್ತದೆ. ಕರ್ನಾಟಕದಲ್ಲಿ 2025-26ಕ್ಕೆ ನಿಗದಿಯಾಗಿದ್ದ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ. ಸಮಾಲೋಚಕರು ಒಂದು ಭೇಟಿಗೆ 300 ರೂಪಾಯಿ ಕೇಳಿದರೆಂದುಕೊಳ್ಳೋಣ. ಪಕ್ಕದ ಹಳ್ಳಿಯಿಂದ ಬರುವವರಿಗೆ ಶುಲ್ಕದೊಂದಿಗೆ ಆ ದಿನದ ಕೂಲಿಯೂ ಹೋಯಿತು. ಐದು ಭೇಟಿಗೆ ಮೂರು ಸಾವಿರ ದಾಟುತ್ತದೆ. ಅತ್ತ, ದಿನಕ್ಕೆ ಇಬ್ಬರಂತೆ 25 ದಿನ ಬಂದರೂ ಸಮಾಲೋಚಕರ ಕೈಗೆ ಬರುವುದು 15 ಸಾವಿರ. ಬಾಡಿಗೆ, ವಿದ್ಯುತ್ ಬಿಲ್ಲು ಕಳೆದರೆ ಉಳಿಯುವುದೆಷ್ಟು? ಕೊಡುವವರಿಗೆ ಭಾರ, ಪಡೆಯುವವರಿಗೆ ಸಾಲದು.

‘ಮಾತಿಗೂ ದುಡ್ಡೇ?’ ಎಂಬ ಪ್ರಶ್ನೆಯೂ ಇದೆ. ಬುದ್ಧಿಮಾತು ಹೇಳಲು ಊರ ಹಿರಿಯರಿದ್ದಾರೆ, ಮಠವಿದೆ. ಆದರೆ ಸಮಾಲೋಚಕರು ಕೊಡುವುದು ಬುದ್ಧಿಮಾತನ್ನಲ್ಲ. ತೀರ್ಪು ನೀಡದೆ ಆಲಿಸುವ ಶಿಸ್ತನ್ನು ಮತ್ತು ಗೋಪ್ಯತೆಯನ್ನು. ಯಾರು ಯಾರ ಮೆಟ್ಟಿಲು ಹತ್ತಿದರೆಂಬುದು ಸಂಜೆಯೊಳಗೆ ತಿಳಿಯುವ ಊರಿನಲ್ಲಿ ಗೋಪ್ಯತೆಯೇ ಅತ್ಯಂತ ದುರ್ಲಭ ಸರಕು.

ಉಚಿತ ಸೇವೆಯೇ ಪರಿಹಾರವೆನ್ನುವವರಿದ್ದಾರೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಗೌರವ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಅವರು ಬೆಂಗಳೂರಿನಲ್ಲಿ ‘ಸಮಾಧಾನ’ ಕೇಂದ್ರದ ಮೂಲಕ ಅಂತಹ ಸೇವೆಯನ್ನು ಕಟ್ಟಿದ್ದಾರೆ, ಅದು ವಂದನೀಯ. ಆದರೆ ಸಾಲ ಮಾಡಿ ಓದಿದ ಯುವಜನರಿಂದ ಅದೇ ತ್ಯಾಗವನ್ನು ನಿರೀಕ್ಷಿಸಿದರೆ ಅವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಅಷ್ಟೆ.

ಹಾಗಾದರೆ ಹಣ ಕೊಡುವವರು ಯಾರು? ಸಂಸ್ಥೆಗಳು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಅರ್ಹ ಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಹೊಂದಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರ್ದೇಶಿಸಿದೆ. ಇದನ್ನು ಸುತ್ತೋಲೆಯ ಮಟ್ಟದಲ್ಲೇ ಮುಗಿಸದೆ, ಹೋಬಳಿಯ ಶಾಲೆ-ಕಾಲೇಜುಗಳು ಸೇರಿ ಒಬ್ಬರನ್ನು ಗೌರವಯುತ ಸಂಭಾವನೆಗೆ ನಿಯೋಜಿಸಿಕೊಳ್ಳಲಿ. ಹಗಲು ಶಾಲೆಗಳಲ್ಲಿ ಖಚಿತ ಆದಾಯ ಸಿಕ್ಕರೆ, ಸಂಜೆಯ ಖಾಸಗಿ ಭೇಟಿಗೆ ಶಕ್ತ್ಯಾನುಸಾರ ಶುಲ್ಕ ಪಡೆಯಲು ಅವರಿಗೆ ಸಾಧ್ಯವಾಗುತ್ತದೆ. ಶಾಲೆಯ ‘ಮೇಡಂ’ ಬಳಿ ಹೋಗಲು ತಾಯಂದಿರಿಗೂ ಸಂಕೋಚವಿರದು.

ಇದರೊಂದಿಗೆ ಇನ್ನೆರಡು ಕೆಲಸಗಳಾಗಬೇಕು. ನಾಲ್ಕು ದಿನದ ಶಿಬಿರದ ಪ್ರಮಾಣಪತ್ರ ಹಿಡಿದವರೂ ಫಲಕ ಹಾಕಿದರೆ ನಿಜವಾಗಿ ಕಲಿತವರ ಮೇಲಿನ ವಿಶ್ವಾಸವೂ ಕುಸಿಯುತ್ತದೆ. ಆದ್ದರಿಂದ ಸಮಾಲೋಚಕರನ್ನೂ ಒಳಗೊಳ್ಳುವ 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯಡಿ ನೋಂದಣಿ ಕಟ್ಟುನಿಟ್ಟಾಗಿ ಜಾರಿಗೆ ಬರಲಿ. ಎರಡನೆಯದಾಗಿ, ಔಷಧ ಬೇಕಾದವರನ್ನು ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಿಕೊಡುವ ನಿಶ್ಚಿತ ವ್ಯವಸ್ಥೆ ಇರಲಿ. ತನ್ನ ಮಿತಿಯನ್ನು ಅರಿತ ಸಮಾಲೋಚಕರ ಮೇಲೆಯೇ ಊರಿಗೆ ನಂಬಿಕೆ ಹುಟ್ಟುವುದು.

ಮಾರುಕಟ್ಟೆಗೆ ಬಿಟ್ಟರೆ ಈ ವೃತ್ತಿ ಶುಲ್ಕ ತೆರಬಲ್ಲ ಬಡಾವಣೆಗಳಲ್ಲೇ ಉಳಿಯುತ್ತದೆ. ದಾನಕ್ಕೆ ಬಿಟ್ಟರೆ ದಾನಿಯ ಆಯುಷ್ಯದಷ್ಟೇ ಬಾಳುತ್ತದೆ. ಅಳವಂಡಿಯಲ್ಲಿ ಶಿಕ್ಷಕರಿಗೆ ಸಂಬಳ ಕೊಡುವುದನ್ನು ಯಾರೂ ದಾನವೆನ್ನುವುದಿಲ್ಲ. ಆ ಮಕ್ಕಳ ದುಗುಡವನ್ನು ಆಲಿಸುವವರಿಗೂ ಅದೇ ನ್ಯಾಯ ಸಲ್ಲಬೇಕು.