ಮಶೀನ್ ಆಮೇಲೆ, ಮೊದಲು ಅಳತಿ



ಹೋದ ಹಿಂಗಾರಿ ಕಡಲಿ ಬಿತ್ತಿಗಿಯೊಳಗ ನನ್ನ ಕೂರಿಗಿ ನಡುಹೊಲದಾಗ ನಿಂತಿದ್ದು ನಮ್ಮ ಬಾಜೂ ಹೊಲದವರಿಗೆ ಗೊತ್ತೈತಿ. ಅದರ ಪೂರಾ ಕಥಿ ಇವತ್ತು ಬರಿಯಾಕತ್ತೇನಿ. ಯಾಕಂದ್ರ ಈಗ ಎಲ್ಲಾ ಕಡೆ ತ್ರೀಡಿ ಪ್ರಿಂಟರ್, ಸಿಎನ್‌ಸಿ, ಲೇಸರ್ ಕಟಿಂಗ್ ಅಂತ ಮಾತು ಕೇಳಾಕತ್ತೇವಿ. ಹಳ್ಳಿಗೊಂದು ಮಶೀನ್ ತಂದಿಟ್ಟರ ನಮ್ಮ ಕಷ್ಟ ಮುಗೀತು ಅಂತ ಕೆಲವರು ಹೇಳ್ತಾರ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಐತಿ.

ನನ್ನದು ಆರು ಸಾಲಿನ ಟ್ರ್ಯಾಕ್ಟರ್ ಕೂರಿಗಿ. ಒಂದೊಂದು ಸಾಲಿಗೆ ಒಂದೊಂದು ಪ್ಲಾಸ್ಟಿಕ್ ಪ್ಲೇಟು. ಪ್ಲೇಟಿನ ಅಂಚಿಗೆ ಕಚ್ಚು ಇರ್ತಾವ. ಪ್ಲೇಟು ತಿರುಗಿದಂಗ ಒಂದೊಂದು ಕಚ್ಚಿನಾಗ ಒಂದೊಂದು ಕಾಳು ಕುಂತು ಕೆಳಗ ಬೀಳ್ತೈತಿ. ಆರು ಎಕರೆ ಎರಿ ಹೊಲದಾಗ ಮೂರು ಎಕರೆ ಮುಗಿದಿತ್ತು. ಅಷ್ಟರಾಗ ಎರಡು ಪ್ಲೇಟಿನ ನಡುವಿನ ಹಲ್ಲು ಮುರಿದು ಹೋದವು. ಅಂಗಡಿಗೆ ಓಡಿದೆ. "ಈ ಮಾಡಲ್ ಪ್ಲೇಟ್ ಇಲ್ರಿ, ಸೆಟ್ ಪೂರಾ ಹೊರರಾಜ್ಯದಿಂದ ಬರಬೇಕು, ಎಂಟ್ಹತ್ತು ದಿನ ಆಕ್ಕೈತಿ" ಅಂದ್ರು. ಹಿಂಗಾರಿಯೊಳಗ ಎಂಟ್ಹತ್ತು ದಿನ ಅಂದ್ರ ಏನು ಅಂತ ನಿಮಗ ಹೇಳಬೇಕಾಗಿಲ್ಲ. ಕಡಲಿಗೆ ಮೇಲಿಂದ ನೀರಿಲ್ಲ, ಭೂಮಿಯೊಳಗಿನ ಹಸೀನ ಅದರ ಜೀವ. ದಿನಕ್ಕೊಂದು ಬೆರಳು ಹಸಿ ಕೆಳಗ ಇಳೀತೈತಿ.

ಬ್ಯಾರೆ ಕಂಪನಿಯ ಎರಡು ಪ್ಲೇಟು ಕೂಡ್ತಾವ ಅಂತ ಕೊಟ್ರು. ಹಾಕಿಕೊಂಡು ಒಂದು ಎಕರೆ ಬಿತ್ತಿದೆ. ಆಮೇಲೆ ಮನಸ್ಸಿಗೆ ಅನುಮಾನ ಬಂತು. ಕೂರಿಗಿ ಜ್ಯಾಕ್ ಮೇಲೆ ಎತ್ತಿ, ಗಾಲಿ ಕೈಯಿಂದ ತಿರುಗಿಸಿ ಕಾಳು ಎಣಿಸಿದೆ. ನನ್ನ ಕೂರಿಗಿ ಗಾಲಿಯ ಸುತ್ತಳತಿ ಒಂದೂವರೆ ಮೀಟರ್. ಹತ್ತು ಸುತ್ತಿಗೆ 15 ಮೀಟರ್. ಕಡಲಿ ಕಾಳಿಂದ ಕಾಳಿಗೆ 10 ಸೆಂಟಿಮೀಟರ್ ಬೇಕು ಅಂದ್ರ 150 ಕಾಳು ಬೀಳಬೇಕು. ಬಿದ್ದದ್ದು 104. ನಾನು ಬಿತ್ತಿದ್ದು ದಪ್ಪ ಕಾಳಿನ ಬಿಜಿಡಿ 103. ಅಂಗಡಿಯವರು ಕೊಟ್ಟ ಪ್ಲೇಟಿನ ಕಚ್ಚು ಸಣ್ಣ ಕಾಳಿಂದು. ಕಾಳು ಕಚ್ಚಿನಾಗ ಕುಂದ್ರದ ಜಾರಿ ಹೋಗತಿತ್ತು. ಆ ಎಕರೆ ಮೊಳಕಿ ಒಡೆದ ಮ್ಯಾಲೆ ನೋಡಬೇಕಿತ್ತು ನೀವು. ಪ್ರತಿ ಆರು ಸಾಲಿಗೆ ಎರಡು ಸಾಲು ಹಲ್ಲು ಬಿದ್ದ ಮುದುಕರ ಬಾಯಿ ಆಗಿತ್ತು.

ನಮ್ಮೂರ ಕಂಬಾರ ಕಾಕಾನ ಮಗ ಬೆಳಗಾವಿ ಉದ್ಯಮಬಾಗದಾಗ ಸಿಎನ್‌ಸಿ ಮಶೀನ್ ಮೇಲೆ ಕೆಲಸ ಮಾಡ್ತಾನ. ಮರುದಿನ ಮುರಿದ ಪ್ಲೇಟು, ಒಂದು ಮುಷ್ಟಿ ಕಡಲಿ ಚೀಲದಾಗ ಹಾಕ್ಕೊಂಡು ಅವನ ಹಂತ್ಯಾಕ ಹೋದೆ. ಅವನ ಮೊದಲನೇ ಮಾತು: "ಕಾಕಾ, ಡ್ರಾಯಿಂಗ್ ಐತೇನ್ರಿ?"

ನನ್ನ ಹಂತ್ಯಾಕ ಎಲ್ಲಿ ಡ್ರಾಯಿಂಗ್? ಪ್ಲೇಟು ಐತಿ, ಅದೂ ಮುರಿದದ್ದು.

ಅವನ ಗೆಳೆಯನೊಬ್ಬ ತ್ರೀಡಿ ಪ್ರಿಂಟಿಂಗ್ ಮಾಡ್ತಾನ. ಇಬ್ಬರೂ ಕೂಡಿ ವರ್ನಿಯರ್ ಹಿಡಿದು ಪ್ಲೇಟು ಅಳೆದ್ರು, ಕಡಲಿ ಕಾಳು ಇಪ್ಪತ್ತು ಅಳೆದ್ರು, ಕಂಪ್ಯೂಟರದಾಗ ಚಿತ್ರ ತೆಗೆದ್ರು. ಅಳೆದು ಚಿತ್ರ ತೆಗೆಯೋದಕ್ಕ ಅರ್ಧ ದಿನ ಹೋತು. ಪ್ರಿಂಟ್ ಆಗಾಕ ಪ್ಲೇಟಿಗೆ ಮೂರು ತಾಸು. ಮೊದಲನೇದು ಕಚ್ಚು ಬಿಗಿ ಆಗಿ ಕಾಳು ಒಡೀತು. ಅರ್ಧ ಮಿಲಿಮೀಟರ್ ಹೆಚ್ಚಿಗಿ ಮಾಡಿ ಎರಡನೇದು ತೆಗೆದ್ರು. ಊರಿಗೆ ಬಂದು ಕಂಬಾರ ಕಾಕಾನ ಕಡೆ ನಡುವಿನ ತೂತಿಗೆ ಕಬ್ಬಿಣದ ಬುಶ್ ಹಾಕಿಸಿದೆ. ಹಲ್ಲು ಮುರಿದದ್ದು ಅಲ್ಲೇ ತಾನೇ. ಮತ್ತೆ ಜ್ಯಾಕ್ ಎತ್ತಿ ಎಣಿಸಿದೆ. 147. ಉಳಿದ ಎರಡು ಎಕರೆ ಬಿತ್ತಿದೆ, ಐದು ದಿನ ತಡ ಆಗಿ. ಆ ಎರಡು ಎಕರೆ ಮೊದಲಿನ ಮೂರು ಎಕರೆಗೆ ಸರಿಸಮ ಬರಲಿಲ್ಲ, ಹಸಿ ಇಳಿದಿತ್ತು. ಆದ್ರ ಸಾಲು ಮಾತ್ರ ತುಂಬಿ ಬಂದಿತ್ತು.

ಈಗ ಲೆಕ್ಕ ಹಾಕ್ರಿ. ಐದು ದಿನದಾಗ ಮಶೀನ್ ಕೆಲಸ ಮಾಡಿದ್ದು ಒಂದು ದಿನವೂ ಅಲ್ಲ. ಉಳಿದದ್ದೆಲ್ಲ ಅಂಗಡಿ ಅಲೆದದ್ದು, ತಪ್ಪು ಪ್ಲೇಟು ಹಾಕಿದ್ದು, ದಾರಿ ನಡೆದದ್ದು, ಅಳೆದದ್ದು. ಆ ಚಿತ್ರ ನನ್ನ ಫೋನದಾಗ ಮೊದಲೇ ಇದ್ದಿದ್ದರ? ಮುರಿದ ದಿನವೇ ಕಳಿಸಿ, ಮರುದಿನ ಬಸ್ಸಿನಾಗ ತರಿಸ್ಕೋಬಹುದಿತ್ತು. ಅದಕ್ಕ ಹೇಳ್ತೇನಿ: ನಮ್ಮ ಕಡೆ ಕೊರತಿ ಇರೋದು ಮಶೀನಿಂದಲ್ಲ, ಅಳತಿಯದು.

ಮಶೀನು ನಮ್ಮ ಜಿಲ್ಲಾದಾಗ ಕಮ್ಮಿ ಇಲ್ಲ. ಉದ್ಯಮಬಾಗದಾಗ ಎರಕದ ಕಾರ್ಖಾನಿ, ಸಿಎನ್‌ಸಿ ಶಾಪು ಸಾಲುಸಾಲು ಅದಾವ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗಿ ಪರದೇಶಕ್ಕೆ ಹೋಗ್ತಾವ. ವಿಮಾನದ ಭಾಗ ಕೊರೆಯೋ ಜಿಲ್ಲಾದಾಗ ಕೂರಿಗಿ ಪ್ಲೇಟಿಗೆ ರೈತ ಹತ್ತು ದಿನ ಕಾಯಬೇಕು. ಕಾರಣ ಒಂದೇ. ವಿಮಾನದವರ ಕಡೆ ಪ್ರತಿಯೊಂದು ಬೋಲ್ಟಿಗೂ ಡ್ರಾಯಿಂಗ್ ಐತಿ, ನಮ್ಮ ಕಡೆ ಇಲ್ಲ.

ಇದೇನು ಹೊಸ ಮಾತಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೊದಲು ಮುಂಬಯಿಯಲ್ಲಿ ಯಂತ್ರಗಳ ಡ್ರಾಯಿಂಗ್ ಕಲಿಸುವ ಮಾಸ್ತರರಾಗಿದ್ದರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದರು. ಆಮೇಲೆ ಕಣಕಿ ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಅಂತ ಆಗಿನ ರೈತರು ಹೆದರಿ, ನೇಗಿಲು ಮಾರಾಟ ಆಗೋದೇ ಕಷ್ಟ ಆಗಿತ್ತು. 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಗಿ ಕಾರ್ಖಾನಿ ಕಟ್ಟಿದರು. ಡ್ರಾಯಿಂಗ್ ಮಾಸ್ತರ ಮೊದಲು, ಕಾರ್ಖಾನಿ ಆಮೇಲೆ. ಈ ಕ್ರಮ ನಾವು ಮರೆತೇವಿ.

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕೂರಿಗಿ, ಹುಣಸಿ ಬೀಜ ಬಿಡಿಸೋ ಯಂತ್ರ, ಕಬ್ಬು ನಾಟಿ ಯಂತ್ರ ಮಾಡಿದವರು ಅವರು. ರೈತ ಮನಸ್ಸು ಮಾಡಿದರ ಯಂತ್ರ ಹುಟ್ಟತೈತಿ ಅನ್ನೋದಕ್ಕ ಅವರೇ ಸಾಕ್ಷಿ. ಆದ್ರ ಅಂಥಾ ಬುದ್ಧಿ ಒಬ್ಬರ ಕೈಯಾಗ, ಒಬ್ಬರ ತಲಿಯಾಗ ಉಳಿದರ ಊರಿಗೆ ಹಬ್ಬೋದಿಲ್ಲ. ಕಾಗದಕ್ಕೋ ಕಂಪ್ಯೂಟರಿಗೋ ಇಳಿದರ ಯಾರ ಬೇಕಾದರೂ ಮಾಡ್ಕೋಬಹುದು.

ಇನ್ನೊಂದು ಉದಾಹರಣಿ ಮಹಾರಾಷ್ಟ್ರದ್ದು. ಪುಣೆ ಹತ್ತಿರದ ಪಾಬಳ ಅನ್ನೋ ಹಳ್ಳಿಯಲ್ಲಿ ಡಾ. ಕಲಬಾಗ್ ಅವರು 1983ರಲ್ಲಿ ವಿಜ್ಞಾನ ಆಶ್ರಮ ಶುರು ಮಾಡಿದರು. ಅಮೆರಿಕದ ಎಂಐಟಿಯವರ ಫ್ಯಾಬ್ ಲ್ಯಾಬ್ 2002ರಲ್ಲಿ ಅಲ್ಲಿಗೆ ಬಂತು. ಎಂಐಟಿ ಬಿಟ್ಟು ಹೊರಗ ಹಾಕಿದ ಮೊದಮೊದಲ ಲ್ಯಾಬುಗಳಲ್ಲಿ ಅದೂ ಒಂದು. ದೊಡ್ಡ ಶಹರಕ್ಕಲ್ಲ, ಹಳ್ಳಿಗೆ ಹೋತು. ಯಾಕಂದ್ರ ಅಲ್ಲಿ ಮಶೀನ್ ಬರೋಕಿಂತ ಇಪ್ಪತ್ತು ವರ್ಷ ಮೊದಲಿಂದ ಹಳ್ಳಿ ಹುಡುಗರು ಕೈಯಿಂದ ಮಾಡಿ ಕಲಿಯೋದು ನಡೆದಿತ್ತು.

ಕೆಲವರು ನನಗ ಕೇಳಿದ್ರು: "ಇದೆಲ್ಲ ಬಂದರ ಕಂಬಾರ ಏನ್ ಮಾಡಬೇಕು?" ಈ ಪ್ರಶ್ನೆ ಸರಿ ಐತಿ. ಹಿಂದ ಆಯ ಕೊಟ್ಟು ಕಂಬಾರನ ಮನಿ ನಡೆಸ್ತಿದ್ದೆವು. ಟ್ರ್ಯಾಕ್ಟರ್ ಬಂತು, ಆಯ ನಿಂತು ಹೋತು, ಮಗ ಬೆಳಗಾವಿಗೆ ಹೋದ. ಕಂಬಾರನ ಕೆಲಸ ಕಸ್ಕೊಂಡದ್ದು ಪ್ರಿಂಟರ್ ಅಲ್ಲ, ಹೊರಗಿಂದ ಬರೋ ರೆಡಿಮೇಡ್ ಸ್ಪೇರ್ ಪಾರ್ಟು. ಪ್ಲೇಟು ಇಲ್ಲೇ ಆದರ ಬುಶ್ ಹಾಕೋ ಕೆಲಸ, ಕೂಡಿಸೋ ಕೆಲಸ ಮತ್ತ ಅವನ ಕುಲುಮಿಗೆ ಬರ್ತೈತಿ. ನನ್ನ ಪ್ಲೇಟು ನೋಡಿ ಕಾಕಾ ಅಂದದ್ದು: "ಬುದ್ಧಿ ಹುಡುಗೂರದು ಐತಿ, ಆದ್ರ ನಡುವ ಕಬ್ಬಿಣ ಇರದ ನಿಲ್ಲೂದಿಲ್ಲ." ಖರೇನ ಮಾತು.

ಈಗ ಮಾಡಬೇಕಾದ್ದು ಏನು? ನನಗ ತೋಚಿದ್ದು ಬರೀತೇನಿ.

ಒಂದು, ಬ್ಯಾಸಗಿಯೊಳಗ, ಮಿರಗಾ ಮಳಿಗೆ ಮೊದಲು, ನಿಮ್ಮ ಕೂರಿಗಿ, ರಾಶಿ ಮಶೀನಿನಾಗ ಪದೇ ಪದೇ ಮುರಿಯೋ ಐದು ಸಾಮಾನು ಬಿಚ್ಚಿ ಅಳೆದು ಬರೆದಿಡ್ರಿ. ಮುರಿದ ಮೇಲೆ ಅಳಿಯೋದು ಕಷ್ಟ. ಸ್ಕೇಲ್ ಪಕ್ಕಕ್ಕಿಟ್ಟು ಫೋಟೋ ತಗೀರಿ. ಸಾದಾ ಗೇರ್ ಇದ್ದರ ಹಲ್ಲು ಎಣಿಸಿ ಅದಕ್ಕ ಎರಡು ಕೂಡಿಸ್ರಿ. ಹೊರಗಿನ ವ್ಯಾಸವನ್ನ ಅದರಿಂದ ಭಾಗಿಸ್ರಿ. 18 ಹಲ್ಲು, 60 ಮಿಲಿಮೀಟರ್ ಇದ್ದರ 60ನ್ನು 20ರಿಂದ ಭಾಗಿಸಿದರ 3. ಅದಕ್ಕ ಮಾಡ್ಯೂಲ್ ಅಂತಾರ, ಶಾಪಿನವರು ಕೇಳೋದು ಅದನ್ನೇ. ಚೈನಿದ್ದರ ಪಿನ್ನಿಂದ ಪಿನ್ನಿಗೆ ಹತ್ತು ಕೊಂಡಿ ಅಳೆದು ಹತ್ತರಿಂದ ಭಾಗಿಸ್ರಿ. ಸೈಕಲ್ ಚೈನಿಗೆ 12.7 ಬರ್ತೈತಿ.

ಎರಡು, ಎಲ್ಲಾನೂ ಪ್ರಿಂಟ್ ಮಾಡಿಸಬ್ಯಾಡ್ರಿ. ಪಿಎಲ್‌ಎ ಅನ್ನೋ ಅಗ್ಗದ ಪ್ಲಾಸ್ಟಿಕ್ಕು 60 ಡಿಗ್ರಿ ಆಜುಬಾಜು ಮೆತ್ತಗಾಗತೈತಿ, ಬಿಸಿಲಾಗ ನಿಂತ ಕೂರಿಗಿಗೆ ಅದು ತಡಿಯೋದಿಲ್ಲ. ಪಿಇಟಿಜಿ ಇಲ್ಲಾ ನೈಲಾನ್ ಕೇಳ್ರಿ. ಭಾರ ಹೊರೋ ಚೈನ್ ಚಕ್ರ, ಪಟ್ಟಿ ಇದ್ದರ ಕಬ್ಬಿಣದ ತಗಡಿನಾಗ ಲೇಸರ್ ಕಟಿಂಗ್ ಮಾಡಿಸ್ರಿ. ಪಿಟಿಓ ಶಾಫ್ಟ್ ಮಿನಿಟಿಗೆ 540 ಸುತ್ತು ತಿರಗತೈತಿ. ಅದಕ್ಕ ಸಂಬಂಧಪಟ್ಟ ಯಾವ ಸಾಮಾನಿಗೂ ಪ್ರಿಂಟ್ ಬ್ಯಾಡ, ಜೀವದ ಪ್ರಶ್ನೆ.

ಮೂರು, ಈ ಅಳತಿ, ಚಿತ್ರ ಎಲ್ಲಾ ಒಬ್ಬೊಬ್ಬರ ಫೋನದಾಗ ಉಳೀಬಾರದು. ಸೊಸೈಟಿಯೊಳಗ ಗೊಬ್ಬರದ ಲೆಕ್ಕ ಇಟ್ಟಂಗ ಇದರದೂ ಒಂದು ದಪ್ತರ ಇರಲಿ. ಒಬ್ಬರು ಅಳೆದದ್ದು ನಾಲ್ಕು ಊರಿಗೆ ಉಪಯೋಗ ಆಗಲಿ.

ನಾಲ್ಕು, ಸರ್ಕಾರದ ಮಶೀನ್ ಇದ್ದಲ್ಲೆಲ್ಲ ರೈತನಿಗೆ ಬಾಗಿಲ ತೆರೀಲಿ. ರಾಜ್ಯದ 150 ಐಟಿಐಗಳನ್ನ 4,600 ಕೋಟಿಗೂ ಹೆಚ್ಚು ಖರ್ಚು ಮಾಡಿ ಹೊಸ ಯಂತ್ರ ತುಂಬಿಸಿ 2022ರ ಜೂನಿನಲ್ಲಿ ಉದ್ಘಾಟಿಸಿದರು. 2016ರಿಂದ ಸಾಲಿಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಾವ, ಅಲ್ಲಿ ತ್ರೀಡಿ ಪ್ರಿಂಟರೂ ಇರ್ತೈತಿ. ಹುಡುಗರು ಅದರಾಗ ಕೀಚೈನ್, ಗೊಂಬಿ ಮಾಡಿದ್ದು ನೋಡೇನಿ. ಮಾಡಲಿ, ಬ್ಯಾಡ ಅನ್ನೂದಿಲ್ಲ. ಆದ್ರ ವಾರದಾಗ ಒಂದು ದಿನ ಅಪ್ಪನ ಕೂರಿಗಿ ಪ್ಲೇಟು ತಂದು ಅಳೆದು ಚಿತ್ರ ತಗೀಲಿ. ಹುಡುಗರಿಗೆ ಪಾಠ ಆಗ್ತೈತಿ, ನಮಗ ದಪ್ತರ ತುಂಬತೈತಿ.

ಐದು, ಸಬ್ಸಿಡಿಯೊಳಗ ಕೊಡೋ ಪ್ರತಿ ಯಂತ್ರದ ಜೋಡಿ ಸವಿಯೋ ಸಾಮಾನುಗಳ ಅಳತಿಯ ಹಾಳಿ ಕೊಡಬೇಕು ಅಂತ ಕೃಷಿ ಇಲಾಖೆ ಕಂಪನಿಗಳಿಗೆ ಶರತ್ತು ಹಾಕಲಿ. ಅರ್ಧ ರೊಕ್ಕ ಸರ್ಕಾರದ್ದು, ಉಳಿದದ್ದು ನಮ್ಮದು, ಅಳತಿ ಮಾತ್ರ ಕಂಪನಿಯದು ಅಂದ್ರ ಹೆಂಗ? ನಾವೇನು ಅವರ ಯಂತ್ರ ಮಾಡಿ ಮಾರಾಕ ಹೊಂಟಿಲ್ಲ. ನಮ್ಮ ಕೂರಿಗಿ ನಡುಹೊಲದಾಗ ನಿಂದರಬಾರದು, ಅಷ್ಟೇ.

ನಾಲ್ಕನೇದೂ ಐದನೇದೂ ನಮ್ಮ ಕೈಯಾಗಿಲ್ಲ, ಕೇಳಿಕೋತ ಇರಬೇಕು. ಮೊದಲಿನ ಮೂರಕ್ಕ ಯಾರ ಅಪ್ಪಣಿಯೂ ಬೇಕಾಗಿಲ್ಲ. ನಾನು ಒಂದು ವರ್ನಿಯರ್ ತಂದೇನಿ. ಮುರಗೋಡ ಆಜುಬಾಜು ಯಾರಿಗೆ ಬೇಕಾದರೂ ಬಂದು ಒಯ್ಯಬಹುದು, ಅಳೆದು ತಿರುಗಿ ತಂದು ಕೊಡ್ರಿ ಅಷ್ಟೇ. ನನ್ನ ಪ್ಲೇಟಿನ ಫೈಲೂ ಕೊಡ್ತೇನಿ. ದಪ್ಪ ಕಾಳಿನ ಕಡಲಿದು ತಯಾರ್ ಐತಿ. ಸೋಯಾಬೀನದ್ದು, ಗೋವಿನಜೋಳದ್ದು ಯಾರಾದರೂ ಅಳೀರಿ. ನಿಮ್ಮ ಕೂರಿಗಿಯೊಳಗ ಯಾವ ಸಾಮಾನು ಹೆಚ್ಚಿಗಿ ಮುರೀತೈತಿ ಅಂತ ಬರದು ತಿಳಿಸ್ರಿ. ಅದರಿಂದಲೇ ದಪ್ತರ ಶುರು ಮಾಡೂಣು.