ಸಂಶೋಧನೆಗೂ ದಾನ ಬೇಕು, ಆದರೆ ಕೇಳಿ ಕೊಡಿ

ವರನಟ ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ಅವರ ಕಣ್ಣುಗಳೂ ಹಾಗೆಯೇ ದಾನವಾದವು. ನೇತ್ರದಾನವೆಂದರೆ ನಮ್ಮಲ್ಲಿ ಈಗ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮೃತರ ಮಿದುಳನ್ನೋ, ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನೋ ಸಂಶೋಧನೆಗೆ ಕೊಡಿ ಎಂದರೆ ಮನೆಮಂದಿ ಹಿಂಜರಿಯುತ್ತಾರೆ. ‘ಅದನ್ನು ಇಟ್ಟುಕೊಂಡು ಏನು ಮಾಡುತ್ತಾರೆ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಾನವ ಮಿದುಳಿನ ಬ್ಯಾಂಕ್ ಆರಂಭವಾಯಿತು. ಬಂಧುಗಳ ಒಪ್ಪಿಗೆ ಪಡೆದು ಮಿದುಳನ್ನು ಅಲ್ಲಿ ಸಂಗ್ರಹಿಸುತ್ತಾರೆ. ಇಂತಹ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಒಂದು ಭಾಗವನ್ನು ಫಾರ್ಮಲಿನ್‌ನಲ್ಲಿಟ್ಟು ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ. ಇನ್ನೊಂದು ಭಾಗವನ್ನು ಸೊನ್ನೆಗಿಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಇಡುತ್ತಾರೆ. ಅಲ್ಲಿ ಪ್ರೋಟೀನು, ಡಿಎನ್‌ಎಗಳು ವರ್ಷಗಟ್ಟಲೆ ಉಳಿಯುತ್ತವೆ. ಇಂದು ಇಟ್ಟದ್ದನ್ನು ಮುಂದೆ ಬರುವ ಹೊಸ ವಿಧಾನದಿಂದಲೂ ಪರೀಕ್ಷಿಸಬಹುದು.

ಮಿದುಳೇ ಏಕೆ ಬೇಕು? ಅಲ್ಝೈಮರ್, ಪಾರ್ಕಿನ್ಸನ್ ರೋಗಿಗಳು ಬದುಕಿರುವಾಗ ಸಂಶೋಧನೆಗೆಂದು ಅವರ ಮಿದುಳಿನ ಚೂರು ತೆಗೆಯುವಂತಿಲ್ಲ. ಸ್ಕ್ಯಾನು, ರಕ್ತಪರೀಕ್ಷೆಗಳು ಹೇಳುವುದು ಸರಿಯೇ ಎಂದು ತಾಳೆ ನೋಡಲು ಅಂಗಾಂಶವೇ ಬೇಕು. ಇಲಿಯ ಮಿದುಳು ಇದಕ್ಕೆ ಸಾಲದು. ರೋಗವಿಲ್ಲದವರ ಮಿದುಳೂ ಅಷ್ಟೇ ಅಗತ್ಯ. ಹೋಲಿಸದೆ ವ್ಯತ್ಯಾಸ ತಿಳಿಯದು. ಮಿದುಳು ತೆಗೆದ ಮೇಲೆ ದೇಹವನ್ನು ಮನೆಯವರಿಗೇ ಒಪ್ಪಿಸುತ್ತಾರೆ. ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ.

ಹಾಗೆಂದು ಜನರ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಕ್ಯಾನ್ಸರ್ ಗಡ್ಡೆಯಿಂದ, ಆಕೆಯನ್ನು ಕೇಳದೆಯೇ ಜೀವಕೋಶಗಳನ್ನು ತೆಗೆದಿಟ್ಟರು. ‘ಹೀಲಾ’ ಎಂಬ ಆ ಕೋಶಗಳು ಪೋಲಿಯೊ ಲಸಿಕೆಯ ಪರೀಕ್ಷೆಗೆ ನೆರವಾದವು. ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಕಂಪನಿಗಳು ಅವುಗಳಿಂದ ಹಣ ಮಾಡಿದವು. ಮನೆಯವರಿಗೆ ವಿಷಯ ತಿಳಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಉಪಕಾರವಾದದ್ದು ನಿಜ, ಅನ್ಯಾಯವಾದದ್ದೂ ನಿಜ.

ಆದ್ದರಿಂದ ನನ್ನ ಸಲಹೆ ಇಷ್ಟೇ: ಕೊಡಿ, ಆದರೆ ಕೇಳಿ ಕೊಡಿ. ಮಾದರಿ ಯಾವ ಅಧ್ಯಯನಕ್ಕೆ? ಎಷ್ಟು ಕಾಲ ಇಡುತ್ತಾರೆ? ಹೆಸರನ್ನು ಗುಟ್ಟಾಗಿಡುತ್ತಾರೆಯೇ? ಬೇರೆ ಸಂಸ್ಥೆಗೆ ಕಳುಹಿಸುತ್ತಾರೆಯೇ? ಡಿಎನ್‌ಎ ನಿಮ್ಮೊಬ್ಬರದಲ್ಲ, ನಿಮ್ಮ ಮಕ್ಕಳ ಗುಟ್ಟನ್ನೂ ಹೇಳುತ್ತದೆ. ಹಾಗಾಗಿ ಈ ಪ್ರಶ್ನೆಗಳು ಅತಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇಂತಹ ಸಂಗ್ರಹಗಳಿಗೆಂದೇ ಒಂದು ಅಧ್ಯಾಯವಿದೆ. ದಾನಿಯ ಒಪ್ಪಿಗೆ, ನೈತಿಕ ಸಮಿತಿಯ ಅನುಮತಿ ಎರಡೂ ಬೇಕು. ಒಪ್ಪಿದವರು ಮನಸ್ಸು ಬದಲಿಸಲೂಬಹುದು. ಬೇಡವೆಂದರೆ ಚಿಕಿತ್ಸೆಗೆ ಕುಂದು ಬರಕೂಡದು.

ವೈದ್ಯ ಮಿತ್ರರಿಗೂ ಒಂದು ಮಾತು. ಆಪರೇಷನ್ ಥಿಯೇಟರಿನ ಬಾಗಿಲಲ್ಲಿ, ಗಾಬರಿಯಲ್ಲಿರುವವರ ಕೈಗೆ ಇಂಗ್ಲಿಷ್ ಫಾರಂ ಕೊಟ್ಟು ‘ಇಲ್ಲಿ ಸಹಿ ಹಾಕಿ’ ಎಂದರೆ ಅದು ಒಪ್ಪಿಗೆಯಲ್ಲ, ಬರೀ ಸಹಿ. ಹಿಂದಿನ ದಿನವೇ ಕನ್ನಡದಲ್ಲಿ ಕೂತು ವಿವರಿಸಲು ಹತ್ತು ನಿಮಿಷ ಸಾಕು.

ಓದುಗರಲ್ಲಿ ಕೋರಿಕೆ: ಸಾವಿನ ನಂತರ ಮಿದುಳನ್ನು ಬೇಗನೆ, ಗಂಟೆಗಳ ಲೆಕ್ಕದಲ್ಲಿ ಸಂಗ್ರಹಿಸಬೇಕಾಗುತ್ತದೆ. ಅಳುವ ಹೊತ್ತಿನಲ್ಲಿ ತೀರ್ಮಾನಿಸುವುದು ಕಷ್ಟ. ಎಲ್ಲರೂ ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಒಮ್ಮೆ ಈ ವಿಷಯ ಮಾತಾಡಿ, ಹಿರಿಯರ ಇಚ್ಛೆ ಏನೆಂದು ಕೇಳಿಟ್ಟುಕೊಳ್ಳಿ.